ಮಳೆಗಾಲದಲ್ಲಿ ಗೆಜ್ಜೆ ಕಟ್ಟುವ ಮಕ್ಕಳು

ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಎದ್ದಿತೆಂದರೆ ಕಮ್ಮರಡಿ ಸುತ್ತಿನ ಹಳ್ಳಿಗಳಲ್ಲಿ ಆ ರಾತ್ರಿ ಮನೆಯಲ್ಲಿ ಉಳಿಯುವವರು ಕಡಿಮೆ. ಹರಕೆ ಹೊತ್ತವರು ಯಕ್ಷಗಾನದ ಮಂದಾರ್ತಿ ಮೇಳವನ್ನು ಕರೆಸಿರುತ್ತಾರೆ. ಮಂದಾರ್ತಿಯ ದುರ್ಗಾಪರಮೇಶ್ವರಿಗೆ ಕರಾವಳಿಯಲ್ಲಿರುವಂತೆ ಘಟ್ಟದ ಮೇಲೂ ಭಕ್ತರಿದ್ದಾರೆ. ಆಟಕ್ಕೆ ಹೆಸರು ಬರೆಸಿ ಸರದಿಗಾಗಿ ವರ್ಷಗಟ್ಟಲೆ ಕಾಯುವ ಮನೆಗಳಿವೆ. ಮೇಳದ ವೀಳ್ಯ, ಕಲಾವಿದರ ಊಟ, ಬಿಡಾರ ಎಲ್ಲವೂ ಆ ಮನೆಯವರದ್ದು. ನೋಡುವವರಿಗೆ ಖರ್ಚಿಲ್ಲ. ತೋಟದ ಒಡೆಯರೂ ಅದೇ ತೋಟದ ಲೈನ್ ಮನೆಯ ಕೂಲಿಕಾರರೂ ಅವರ ಮಕ್ಕಳೂ ಅದೇ ಚಂಡೆಯ ಪೆಟ್ಟಿಗೆ ಎಚ್ಚರವಾಗಿ ಕೂರುತ್ತಾರೆ. ಕಲೆಯನ್ನು ಬಡವರಿಗೆ ಉಚಿತವಾಗಿ ತಲುಪಿಸಬೇಕೆಂದು ಇಂದು ದೊಡ್ಡ ಊರುಗಳಲ್ಲಿ ಸಭೆಗಳು ನಡೆಯುತ್ತವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಅದರ ಅರ್ಧ ಕೆಲಸವನ್ನು ಬಯಲಾಟ ಯಾವಾಗಲೋ ಮಾಡಿ ಮುಗಿಸಿದೆ.

ಉಳಿದರ್ಧವೇ ಕಷ್ಟದ್ದು.

ಬೆಳಗಿನ ಜಾವ ಆಟ ಮುಗಿದ ಮೇಲೆ ಬರಿದಾದ ರಂಗಸ್ಥಳಕ್ಕೆ ಹತ್ತಿ, ತಲೆಗೆ ಟವೆಲ್ ಸುತ್ತಿ, ದೊಣ್ಣೆಯನ್ನೇ ಗದೆ ಮಾಡಿಕೊಂಡು ಕುಣಿಯದ ಹುಡುಗ ಈ ಸೀಮೆಯಲ್ಲಿ ಇದ್ದಾನೆಯೆ? ಆ ಕುಣಿತ ಮುಂದೆ ಹೆಜ್ಜೆಯಾಗಬೇಕಾದರೆ ತಾಳ ಹೇಳಿಕೊಡುವವರು ಬೇಕು. ವಾರಕ್ಕೆರಡು ದಿನವಾದರೂ ತರಗತಿ ಬೇಕು, ಅಲ್ಲಿಂದ ಮನೆಗೆ ಮರಳಲು ಬಸ್ಸು ಬೇಕು, ಕೊನೆಗೆ ಪ್ರದರ್ಶನದ ದಿನ ವೇಷಭೂಷಣದ ಬಾಡಿಗೆ ಬೇಕು. ಅಡಿಕೆ ಸುಲಿತದ ಕೂಲಿಯಲ್ಲಿ ಸಂಸಾರ ತೂಗಿಸುವ ಮನೆಗೆ ಇವುಗಳಲ್ಲಿ ಒಂದೂ ಹಗುರವಲ್ಲ. ಪೇಟೆಯ ಮಗು ಭರತನಾಟ್ಯಕ್ಕೋ ಕೀಬೋರ್ಡಿಗೋ ತಿಂಗಳ ಫೀಸು ಕೊಟ್ಟು ಹೋಗುತ್ತದೆ. ಹಸಲರ, ಗೌಡಲರ ಕೇರಿಯ ಮಗು ಪ್ರೇಕ್ಷಕನಾಗಿಯೇ ಬೆಳೆದು ಪ್ರೇಕ್ಷಕನಾಗಿಯೇ ಮುದುಕನಾಗುತ್ತದೆ.

ಹಿಂದೆ ಕಲಿಕೆಗೂ ಒಂದು ದಾರಿಯಿತ್ತು. ಮೇಳಕ್ಕೆ ಸೇರಿದ ಹುಡುಗ ಕೋಡಂಗಿಯಾಗಿ ರಂಗ ಹತ್ತಿ, ಮುಂದೆ ಬಾಲಗೋಪಾಲನಾಗಿ, ಹಿರಿಯರ ವೇಷ ನೋಡುತ್ತ ನೋಡುತ್ತ ಕಲಿಯುತ್ತಿದ್ದ. ನವರಾತ್ರಿಯಲ್ಲಿ ಹೂವಿನಕೋಲು ಹಿಡಿದು ಮನೆಮನೆಗೆ ಹೋಗುತ್ತಿದ್ದ ಮಕ್ಕಳು ಭಾಗವತರ ಪದಕ್ಕೆ ಅರ್ಥ ಹೇಳಿ ನಾಲಗೆ ಪಳಗಿಸಿಕೊಳ್ಳುತ್ತಿದ್ದರು. ಆದರೆ ಆ ದಾರಿ ಎಲ್ಲರದ್ದಾಗಿರಲಿಲ್ಲ. ಯಾರು ಗೆಜ್ಜೆ ಕಟ್ಟಬಹುದು, ಯಾರು ಬಣ್ಣ ಹಚ್ಚುವ ಚೌಕಿಯ ಹೊರಗೇ ನಿಲ್ಲಬೇಕು ಎಂಬುದನ್ನು ಹುಟ್ಟೇ ನಿರ್ಧರಿಸುತ್ತಿದ್ದ ಕಾಲ ಅದು. ಹೆಣ್ಣುಮಕ್ಕಳ ಮಾತಂತೂ ದೂರ. ಹೊಟ್ಟೆಪಾಡಿಗಾಗಿ ಓದು ಬಿಟ್ಟು ಮೇಳ ಸೇರಿದ ಹುಡುಗರೂ ಬಹಳ. ಹಳೆಯ ಕಲಿಕೆಯನ್ನು ಹೊಗಳುವಾಗ ಇದನ್ನು ಮರೆಯುವುದು ನ್ಯಾಯವಲ್ಲ.

ಘಟ್ಟದ ಕೆಳಗೆ ಉಡುಪಿಯಲ್ಲಿ ಈ ಗಂಟು ಬಿಚ್ಚಲು ಶುರುವಾದದ್ದು ಶಾಲೆಯ ಅಂಗಳದಿಂದ. ಅಲ್ಲಿನ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೇ ಗುರುಗಳನ್ನು ಕಳಿಸುತ್ತದೆ. ಮಕ್ಕಳು ಶುಲ್ಕ ಕೊಡಬೇಕಿಲ್ಲ. ಮಳೆಗಾಲದಲ್ಲಿ ಹೆಜ್ಜೆ, ತಾಳ, ಮಾತು ಕಲಿತು ವರ್ಷದ ಕೊನೆಯ ತಿಂಗಳುಗಳಲ್ಲಿ ಪೂರ್ಣ ಬಣ್ಣ, ಪೂರ್ಣ ವೇಷದಲ್ಲಿ ಸಾರ್ವಜನಿಕರ ಎದುರು ಒಂದು ಪ್ರಸಂಗ ಆಡುತ್ತಾರೆ. ಇವರಲ್ಲಿ ಹುಡುಗಿಯರ ಸಂಖ್ಯೆ ದೊಡ್ಡದು. ನೂರು ವರ್ಷ ಹಿಂದೆ ಚೌಕಿಯತ್ತ ಸುಳಿಯಲೂ ಆಗದಿದ್ದವರ ಮೊಮ್ಮಕ್ಕಳು, ಮರಿಮಕ್ಕಳು ಇಂದು ಕಿರೀಟ ಕಟ್ಟಿಸಿಕೊಂಡು ಒಡ್ಡೋಲಗ ಕೊಡುತ್ತಾರೆ. ತೆಂಕುತಿಟ್ಟಿನ ಕಡೆ ಭಾಗವತ ಪಟ್ಲ ಸತೀಶ್ ಶೆಟ್ಟರ ಯಕ್ಷಧ್ರುವ ಪಟ್ಲ ಫೌಂಡೇಶನ್ ಕೂಡ ಶಾಲೆಗಳಲ್ಲಿ ಇಂಥದೇ ಉಚಿತ ತರಬೇತಿ ನಡೆಸುತ್ತಿದೆ. ಇನ್ನೂ ಹಿಂದಕ್ಕೆ ಹೋದರೆ, ಶ್ರೀಧರ ಹಂದೆ ಮತ್ತು ಕಾರ್ಕಡ ಶ್ರೀನಿವಾಸ ಉಡುಪರು 1970ರ ದಶಕದಲ್ಲೇ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳವಿದೆ. ಮಕ್ಕಳು ಸಹ ಇಡೀ ಪ್ರಸಂಗ ಹೊತ್ತು ನಿಲ್ಲಬಲ್ಲರೆಂದು ತೋರಿಸಿಕೊಟ್ಟ ಮೇಳ ಅದು.

ಉಡುಪಿಯ ಯಕ್ಷಗಾನ ಕೇಂದ್ರದ ಬಗೆ ಬೇರೆ. ಎಂಜಿಎಂ ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಶುರುವಾದ ಇದರ ಹಿಂದೆ ಕು.ಶಿ. ಹರಿದಾಸ ಭಟ್ಟರೂ ಶಿವರಾಮ ಕಾರಂತರೂ ಇದ್ದರು. ಇಲ್ಲಿ ಹುಡುಗರು ಗುರುಕುಲದಂತೆ ಉಳಿದು, ಹಗಲು ಶಾಲೆಗೆ ಹೋಗಿ, ಉಳಿದ ಹೊತ್ತಿನಲ್ಲಿ ಆಟ ಕಲಿಯುತ್ತಾರೆ. ಓದು ಬಿಟ್ಟರೆ ಮಾತ್ರ ಕಲೆ ಎಂಬ ಹಳೆಯ ಷರತ್ತನ್ನು ಈ ಒಂದು ಏರ್ಪಾಡು ಮುರಿಯಿತು.

ಆದರೆ ಬಡ ಮಕ್ಕಳಿಗೆ ಉಚಿತ ಕಲೆ ಎಂದಾಗ ಕನ್ನಡಿಗರ ಮನಸ್ಸಿಗೆ ಮೊದಲು ಬರಬೇಕಾದ ಊರು ಗದಗ.

ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹುಡುಗನ ಕಂಠ ಕೇಳಿ ಹಾನಗಲ್ ಕುಮಾರಸ್ವಾಮಿಗಳು ಅವರನ್ನು ತಮ್ಮ ಬಳಿಗೆ ಕರೆದುಕೊಂಡರು, ಸಂಗೀತ ಕಲಿಯಲು ಕಳಿಸಿದರು. ಕರ್ನಾಟಕಿ, ಹಿಂದೂಸ್ತಾನಿ ಎರಡೂ ಪದ್ಧತಿಗಳು ಗವಾಯಿಗಳ ವಶವಾದವು. ಕಲಿತದ್ದನ್ನು ಅವರು ಹಂಚಿದ ರೀತಿಯೇ ದೊಡ್ಡದು. ಕಣ್ಣಿಲ್ಲದ, ತಂದೆತಾಯಿ ಇಲ್ಲದ, ಇದ್ದರೂ ಗತಿಯಿಲ್ಲದ ಮಕ್ಕಳನ್ನು ಜಾತಿ ಕೇಳದೆ ಕೂಡಿಸಿಕೊಂಡು ಊರಿಂದ ಊರಿಗೆ ನಡೆದರು. ಅದೊಂದು ಸಂಚಾರಿ ಪಾಠಶಾಲೆ. ಹೋದಲ್ಲಿ ಊಟ, ಹೋದಲ್ಲಿ ಪಾಠ. ಅದು ಕೊನೆಗೆ ಗದಗದಲ್ಲಿ ನೆಲೆಯೂರಿ ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ತೀರಿಕೊಂಡಾಗ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು. ಎಳವೆಯಲ್ಲೇ ಕಣ್ಣು ಕಳೆದುಕೊಂಡಿದ್ದ ಇವರು ಆ ಹೊಣೆಯನ್ನು 2010ರ ಸೆಪ್ಟೆಂಬರಿನಲ್ಲಿ ತಮ್ಮ ಕೊನೆಯುಸಿರಿನ ತನಕ, ಅರವತ್ತಕ್ಕೂ ಹೆಚ್ಚು ವರ್ಷ ಹೊತ್ತರು.

ಅಲ್ಲಿ ಬೆಳೆದವರ ಹೆಸರು ಹೇಳಿದರೆ ಆ ಮನೆಯ ಅಳತೆ ತಿಳಿಯುತ್ತದೆ. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ. ಇಂದು ನಮ್ಮ ನಡುವೆ ಹಾಡುತ್ತಿರುವ ಎಂ. ವೆಂಕಟೇಶಕುಮಾರ್ ಬಳ್ಳಾರಿ ಕಡೆಯ ಬಡ ಜಾನಪದ ಕಲಾವಿದರ ಮನೆಯ ಹುಡುಗ. ಪುಟ್ಟರಾಜ ಗವಾಯಿಗಳ ಬಳಿ ಹನ್ನೆರಡು ವರ್ಷ ಇದ್ದು ಕಲಿತರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಫೀಸು ಕೊಟ್ಟೇ ಕಲಿಯಬೇಕೆಂದಿದ್ದರೆ ಕನ್ನಡ ನಾಡು ಈ ಕಂಠವನ್ನು ಕೇಳುತ್ತಿರಲಿಲ್ಲ. ಹೆಸರಾಗದೆ ಉಳಿದವರ ಸಂಖ್ಯೆ ಇದಕ್ಕಿಂತ ಎಷ್ಟೋ ದೊಡ್ಡದು. ಉತ್ತರ ಕರ್ನಾಟಕದ ಎಷ್ಟೋ ಮಠಗಳ ಪುರಾಣ ಪ್ರವಚನಗಳಲ್ಲಿ, ಶಾಲೆಗಳಲ್ಲಿ, ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ, ತಬಲಾ ನುಡಿಸಿ ಸಂಸಾರ ಸಾಗಿಸಿದವರು ಅವರು. ಅಂಧ ಮಗುವಿಗೆ ಭಿಕ್ಷೆಯ ತಟ್ಟೆಯೊಂದೇ ಗತಿಯೆಂದು ಊರು ನಂಬಿದ್ದ ಕಾಲದಲ್ಲಿ ಆಶ್ರಮ ಆ ಮಗುವಿನ ಕೈಗೆ ಶ್ರುತಿಪೆಟ್ಟಿಗೆ ಕೊಟ್ಟಿತು.

ಇಷ್ಟೆಲ್ಲ ಮಕ್ಕಳಿಗೆ ಅನ್ನ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಬಿಟ್ಟು ಉಚಿತ ಕಲಿಕೆಯ ಬಗ್ಗೆ ಮಾತಾಡುವುದು ಅರ್ಧ ಮಾತು. ಪಂಚಾಕ್ಷರ ಗವಾಯಿಗಳು ನಾಟಕ ಕಂಪನಿ ಕಟ್ಟಿದರು. ಪುಟ್ಟರಾಜರು ತಾವೇ ನಾಟಕ ಬರೆದರು. ಜನ ಟಿಕೆಟ್ ಕೊಂಡು ನೋಡಿದ ನಾಟಕದ ಹಣದಿಂದ ಮಕ್ಕಳ ಒಲೆ ಉರಿಯಿತು. ಮುಂದೆ ಭಕ್ತರು ಊರೂರಿನಲ್ಲಿ ಪುಟ್ಟರಾಜರಿಗೆ ತುಲಾಭಾರ ಮಾಡಿದರು. ತಕ್ಕಡಿಯ ಇನ್ನೊಂದು ತಟ್ಟೆಗೆ ಬಿದ್ದದ್ದು ಆಶ್ರಮದ ಪಾಲಾಯಿತು. ಬಯಲಾಟಕ್ಕೆ ಹರಕೆಯ ಮನೆ, ಗದಗಕ್ಕೆ ನಾಟಕದ ಗಲ್ಲಾ ಮತ್ತು ತುಲಾಭಾರ, ಉಡುಪಿಯ ಶಾಲೆಗಳಿಗೆ ಟ್ರಸ್ಟು ಮತ್ತು ದಾನಿಗಳು. ಮಗುವಿಗೆ ಉಚಿತವಾದದ್ದಕ್ಕೆ ಎಲ್ಲೋ ಯಾರೋ ಲೆಕ್ಕ ಇಟ್ಟು ಹಣ ಕೊಟ್ಟಿರುತ್ತಾರೆ. ಹಾಗೆ ಕೊಡುವವರು ಸಿಕ್ಕಲ್ಲಿ ಕಲಿಕೆ ಉಳಿದಿದೆ. ಉತ್ಸಾಹವನ್ನೇ ನಂಬಿ ಶುರುವಾದ ತರಗತಿಗಳು ಎರಡು ಮಳೆಗಾಲ ದಾಟುವುದು ಕಷ್ಟ.

ಮಲೆನಾಡಿನದ್ದೇ ಉದಾಹರಣೆ ಬೇಕೆಂದರೆ ಸಾಗರದ ಹೆಗ್ಗೋಡಿದೆ. ಅಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ ಬೆಳೆಯಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು, 1985ರಲ್ಲಿ ತಿರುಗಾಟ ಹೊರಟಿತು. ಸೆಟ್ಟು, ದೀಪ, ನಟರು ಎಲ್ಲ ಒಂದೇ ಬಸ್ಸಿನಲ್ಲಿ ಊರೂರಿಗೆ. ಎಂಬತ್ತರ ದಶಕದ ಜನಸ್ಪಂದನ ಯೋಜನೆಯಲ್ಲಿ ನೀನಾಸಂ ಹಳ್ಳಿಗಳಿಗೆ ಜಗತ್ತಿನ ಶ್ರೇಷ್ಠ ಸಿನಿಮಾ ಒಯ್ದಿತು, ಅಲ್ಲಲ್ಲಿನ ಜನರೊಂದಿಗೇ ನಾಟಕ ಕಟ್ಟಿತು. ಯಲ್ಲಾಪುರದ ಮಂಚೀಕೇರಿಯ ಸಿದ್ದಿಗಳ ಜೊತೆ ಚಿದಂಬರರಾವ್ ಜಂಬೆ ಮಾಡಿಸಿದ ನಾಟಕ ಆ ಕಾಲದ್ದು. ಆಫ್ರಿಕದಿಂದ ಬಂದವರ ಪೀಳಿಗೆಯಾಗಿ ಕಾಡಂಚಿನಲ್ಲಿ ಬದುಕುತ್ತಿದ್ದ ಸಿದ್ದಿಗಳು ನೈಜೀರಿಯದ ಚಿನುವಾ ಅಚಿಬೆಯ ಕತೆಯನ್ನು ಕನ್ನಡದಲ್ಲಿ ಆಡಿದರು. ಮುಂದೆ ಆ ಸಮುದಾಯದ ಯುವಕ ಯುವತಿಯರು ಹೆಗ್ಗೋಡಿಗೆ ಬಂದು ರಂಗಭೂಮಿ ಕಲಿತರು. ಗಿರಿಜಾ ಸಿದ್ದಿಯವರ ಹಾಡನ್ನು ರಂಗದ ಮೇಲೆ, ಪ್ರಶಾಂತ್ ಸಿದ್ದಿಯವರ ನಟನೆಯನ್ನು ಕನ್ನಡ ಸಿನಿಮಾದಲ್ಲಿ ನಾಡು ನೋಡಿದೆ.

ಹೆಗ್ಗೋಡಿನಲ್ಲಿ ಕಲಿತ ಕೆ.ಜಿ. ಕೃಷ್ಣಮೂರ್ತಿ ತಮ್ಮ ಕೆಲಸಕ್ಕೆ ಆರಿಸಿಕೊಂಡ ಊರು ತುಮರಿ. ಲಿಂಗನಮಕ್ಕಿ ಹಿನ್ನೀರು ಸುತ್ತುವರಿದು ದ್ವೀಪದಂತಾದ ಸೀಮೆ ಅದು. 2025ರ ಜುಲೈನಲ್ಲಿ ಸೇತುವೆ ತೆರೆಯುವ ತನಕ ಸಾಗರಕ್ಕೆ ಲಾಂಚೇ ಹತ್ತಿರದ ದಾರಿ. ಅಂಥ ಕಡೆಯಿಂದ ಅವರ ಕಿನ್ನರ ಮೇಳ ಮಕ್ಕಳಿಗಾಗಿಯೇ ನಾಟಕ ಕಟ್ಟಿ ಶಾಲೆಯಿಂದ ಶಾಲೆಗೆ ಹೋಯಿತು. ದೂರದ ನೆಪ ಹೇಳುವ ನಮಗೆಲ್ಲ ತುಮರಿಯಲ್ಲಿ ಉತ್ತರವಿದೆ.

ಹೊರಗಿನ ದೇಶಗಳಲ್ಲಿ ಉಚಿತ ಕಲಿಕೆಯ ಖರ್ಚನ್ನು ಸರಕಾರವೇ ಹೊತ್ತ ನಿದರ್ಶನವಿದೆ. ವೆನಿಜುವೆಲಾದಲ್ಲಿ ಹೋಸೆ ಆಂಟೋನಿಯೊ ಅಬ್ರೆಯು 1975ರಲ್ಲಿ ಬೆರಳೆಣಿಕೆಯ ಹುಡುಗರೊಂದಿಗೆ ಆರಂಭಿಸಿದ ಎಲ್ ಸಿಸ್ತೆಮಾ ಬಡ ಕೇರಿಗಳ ಲಕ್ಷಾಂತರ ಮಕ್ಕಳಿಗೆ ವಾದ್ಯ, ಪಾಠ ಎರಡನ್ನೂ ಪುಕ್ಕಟೆ ಕೊಟ್ಟಿತು. ಸರಕಾರಗಳು ಬದಲಾದರೂ ಬಜೆಟ್ಟಿನ ಹಣ ಬರುತ್ತಿತ್ತು.

ನಮ್ಮ ಸರಕಾರಿ ಶಾಲೆಗಳಲ್ಲಿ ಪ್ರತಿಭಾ ಕಾರಂಜಿ ಇದೆ. ಶಾಲೆ, ಕ್ಲಸ್ಟರ್, ತಾಲೂಕು, ಜಿಲ್ಲೆ ಎಂದು ಮಕ್ಕಳು ಮೆಟ್ಟಿಲು ಹತ್ತುತ್ತಾರೆ. ಒಳ್ಳೆಯದೇ. ಆದರೆ ಹೆಚ್ಚಿನ ಹಳ್ಳಿ ಶಾಲೆಗಳಲ್ಲಿ ಸಂಗೀತ, ಚಿತ್ರಕಲೆ, ನಾಟಕದ ಮೇಷ್ಟ್ರುಗಳಿಲ್ಲ. ಕಲಿಸದೆಯೇ ಸ್ಪರ್ಧೆಗೆ ನಿಲ್ಲಿಸಿದರೆ ಬಹುಮಾನ ಹೋಗುವುದು ಮನೆಯಲ್ಲಿ ಹಣ ಕೊಟ್ಟು ಕಲಿಸಿದ ಮಗುವಿಗೆ. ತೀರ್ಪುಗಾರರ ತಪ್ಪಲ್ಲ ಅದು. ಕೇಂದ್ರ ಸರಕಾರದ ಸಿಸಿಆರ್‌ಟಿ ಸಂಸ್ಥೆ ಹತ್ತರಿಂದ ಹದಿನಾಲ್ಕು ವರ್ಷದ ಪ್ರತಿಭಾವಂತ ಮಕ್ಕಳಿಗೆ ಕಲಾ ವಿದ್ಯಾರ್ಥಿವೇತನ ಕೊಡುತ್ತದೆ. ಯಕ್ಷಗಾನದಂಥ ಕಲೆಗಳಿಗೂ ಅದು ಸಿಗುತ್ತದೆ. ಆದರೆ ಅರ್ಜಿ ಹಾಕಲು ಮೊದಲು ಗುರು ಇರಬೇಕು, ಸುದ್ದಿ ತಿಳಿದ ಹೆಡ್‌ಮಾಸ್ತರರೊಬ್ಬರು ಇರಬೇಕು.

ಬಸ್ಸಿನ ಮಾತು ಸಣ್ಣದೆಂದು ತೋರಬಹುದು. ಈ ಸೀಮೆಯವರಿಗೆ ಅದು ಸಣ್ಣದಲ್ಲ. ಮುಚ್ಚಿದ ಬಸ್ ಕಂಪನಿಯ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ಒಳದಾರಿಯ ಹಳ್ಳಿಗಳಿಗೂ ಓಡುತ್ತಿತ್ತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಡುತ್ತಿತ್ತು. 2020ರ ಫೆಬ್ರವರಿಯಲ್ಲಿ ಅದು ನಿಂತಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ, ಆದರೆ ಸರಕಾರಿ ಬಸ್ಸು ಬರುವ ರಸ್ತೆಯಲ್ಲಿ ಮಾತ್ರ. ಸಂಜೆ ತರಗತಿ ಮುಗಿಸಿ ಆರೂವರೆಗೆ ಹೊರಟ ಹುಡುಗಿ ಆಗುಂಬೆ ಕಡೆಯಿಂದ ನುಗ್ಗುವ ಮಳೆಯಲ್ಲಿ, ಕಾಡು ದಾರಿಯಲ್ಲಿ ಮನೆ ಸೇರುವುದು ಹೇಗೆ? ಹಾಗಾಗಿ ಈ ಸೀಮೆಗೆ ಒಪ್ಪುವುದು ಕೇಂದ್ರಕ್ಕೆ ಮಕ್ಕಳನ್ನು ಕರೆಸುವ ಪದ್ಧತಿಯಲ್ಲ, ಶಾಲೆಗೇ ಗುರುವನ್ನು ಕಳಿಸುವ ಪದ್ಧತಿ. ತರಗತಿ ಶಾಲೆಯ ಹೊತ್ತಿನೊಳಗೇ ಮುಗಿಯಬೇಕು. ಶಾಲೆಗೇ ಗುರುವನ್ನು ಕಳಿಸುವ ದಾರಿಯನ್ನೇ ಉಡುಪಿಯವರೂ ಕಂಡುಕೊಂಡರು.

ಇದಕ್ಕೆ ಬೇಕಾದ ಗುರುಗಳೂ ನಮ್ಮ ಕಣ್ಣೆದುರೇ ಇದ್ದಾರೆ. ದೀಪಾವಳಿಯ ಆಸುಪಾಸಿಗೆ ತಿರುಗಾಟ ಹೊರಟ ಮೇಳಗಳು ಮೇ ಕೊನೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮುಂದಿನ ಐದು ತಿಂಗಳು ಬಹುಪಾಲು ಕಲಾವಿದರಿಗೆ ಸಂಬಳವಿಲ್ಲ. ಕೆಲವರು ಚಿಕ್ಕಮೇಳ ಕಟ್ಟಿ ಮನೆಮನೆ ತಿರುಗುತ್ತಾರೆ, ಕೆಲವರು ಹೋಟೆಲು, ತೋಟದ ಕೆಲಸ ಹಿಡಿಯುತ್ತಾರೆ. ಅದೇ ಹೊತ್ತಿಗೆ ಶಾಲೆಯ ವರ್ಷ ಶುರುವಾಗುತ್ತದೆ. ಕೆಲಸವಿಲ್ಲದ ಗುರುವೂ ಗುರುವಿಲ್ಲದ ಮಗುವೂ ಒಂದೇ ಮಳೆಯನ್ನು ನೋಡುತ್ತ ಕೂತಿರುತ್ತಾರೆ.

ಹರಕೆಯ ಆಟ ಆಡಿಸುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳಲ್ಲಿ ಒಂದು ಬಿನ್ನಹ. ನಿಮ್ಮ ಆಟದ ವೀಳ್ಯದ ಜೊತೆ ಇನ್ನೊಂದು ವೀಳ್ಯ ಕಟ್ಟಿ. ನಿಮ್ಮೂರಿನ ಸರಕಾರಿ ಶಾಲೆಯಲ್ಲಿ ಜೂನ್‌ನಿಂದ ಅಕ್ಟೋಬರಿನವರೆಗೆ ವಾರಕ್ಕೆರಡು ದಿನ ಬಂದು ಹೆಜ್ಜೆ ಹೇಳಿಕೊಡುವ ಒಬ್ಬ ಮೇಳದ ಕಲಾವಿದರಿಗೆ ಅದು ಸಲ್ಲಲಿ. ಮುಂದಿನ ವರ್ಷ ನಿಮ್ಮ ಗದ್ದೆಯಲ್ಲಿ ಚಂಡೆ ಕೇಳಿದಾಗ, ಮೇಳದ ಆಟಕ್ಕೆ ಮೊದಲು ಅರ್ಧ ಗಂಟೆ ರಂಗಸ್ಥಳವನ್ನು ಆ ಮಕ್ಕಳಿಗೆ ಬಿಟ್ಟುಕೊಡಿ.