ಬದನವಾಳಿನ ನೂಲು, ಪ್ಯಾರಿಸಿನ ಮಾತು

2015ನೇ ಇಸವಿಯನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಆ ವರ್ಷದ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಜಗತ್ತಿನ ದೇಶಗಳೆಲ್ಲ ಸೇರಿ ಹವಾಮಾನ ಒಪ್ಪಂದಕ್ಕೆ ಬಂದವು. ಭೂಮಿಯ ಬಿಸಿ ಕೈಗಾರಿಕಾ ಕ್ರಾಂತಿಗೆ ಮೊದಲಿದ್ದದ್ದಕ್ಕಿಂತ 2 ಡಿಗ್ರಿಯೊಳಗೆ ಇರಬೇಕು, ಸಾಧ್ಯವಾದರೆ 1.5 ಡಿಗ್ರಿಗೇ ನಿಲ್ಲಿಸಬೇಕು ಅಂತ ಮಾತಾಯಿತು. ಅದಕ್ಕೂ ಮೊದಲು, ಸೆಪ್ಟೆಂಬರ್ 25ರಂದು, ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ 193 ದೇಶಗಳು 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡವು. 2030ರೊಳಗೆ ಬಡತನ ಇರಬಾರದು, ಹಸಿವು ಇರಬಾರದು, ಅಸಮಾನತೆ ಕಡಿಮೆಯಾಗಬೇಕು ಎಂಬುದು ಆ ಪಟ್ಟಿ.

ಈ ಎರಡು ದೊಡ್ಡ ಸಭೆಗಳಿಗೂ ಮುಂಚೆ, ಅದೇ ವರ್ಷ ಏಪ್ರಿಲ್ 19ರಂದು, ಮೈಸೂರು ಜಿಲ್ಲೆ ನಂಜನಗೂಡು ತಾಲೂಕಿನ ಬದನವಾಳು ಎಂಬ ಹಳ್ಳಿಯಲ್ಲೂ ಒಂದು ಸಮಾವೇಶ ನಡೆದಿತ್ತು. ಅಲ್ಲಿ ಮಂತ್ರಿಗಳ ಸಹಿ ಇರಲಿಲ್ಲ, ಒಪ್ಪಂದದ ಕಾಗದ ಇರಲಿಲ್ಲ. ರಂಗಕರ್ಮಿ ಪ್ರಸನ್ನ ಅವರು ಅದಕ್ಕೂ ಮೊದಲು ಕೆಲವು ವಾರ ಅಲ್ಲೇ ಉಳಿದು ಸತ್ಯಾಗ್ರಹ ನಡೆಸಿದ್ದರು. ‘ಸುಸ್ಥಿರ ಬದುಕು’ ಎಂಬುದೇ ಅದರ ವಿಷಯ. ಸರಳವಾಗಿ ಬದುಕೋಣ, ಕೈ ದುಡಿಮೆಗೆ ಮರ್ಯಾದೆ ಕೊಡೋಣ, ಯಂತ್ರದ ಅತಿಬಳಕೆಯಿಂದ ಭೂಮಿಗೂ ಬಡವನಿಗೂ ಆಗುತ್ತಿರುವ ಪೆಟ್ಟನ್ನು ಕಣ್ಣು ಬಿಟ್ಟು ನೋಡೋಣ ಎಂದು ಅಲ್ಲಿ ಸೇರಿದವರು ಹೇಳಿದರು.

ಪ್ಯಾರಿಸ್ ಎಲ್ಲರಿಗೂ ನೆನಪಿದೆ, ಬದನವಾಳನ್ನು ಮರೆತುಬಿಟ್ಟೆವು. ಕರಾವಳಿಯಲ್ಲಿ ಕೂತ ನಮಗೆ ಆ ಹಳ್ಳಿಯ ಹೆಸರೂ ಹೊಸದಾಗಿ ಕೇಳಿಸಬಹುದು. ‘ನಂಜನಗೂಡಿನ ಆಚೆಯ ಹಳ್ಳಿಯ ಸುದ್ದಿ ನಮಗೆ ಯಾಕೆ?’ ಅಂತ ಓದುಗರು ಕೇಳಿದರೆ ತಪ್ಪಿಲ್ಲ. ಆದರೆ ಅಲ್ಲಿ ಎದ್ದ ಪ್ರಶ್ನೆ ಉಳ್ಳಾಲದ ಕಡಲ ಬದಿಯ ಮನೆಗೂ, ಬೀಡಿ ಕಟ್ಟುವ ಉಮ್ಮನ ಮಡಿಲಿಗೂ, ದುಬೈಯಲ್ಲಿ ದುಡಿಯುವ ಮಗನ ಸಂಬಳಕ್ಕೂ ಸೇರಿದ್ದು.

ಊರಿನ ಕಥೆ

ನಂಜನಗೂಡಿನಿಂದ ಚಾಮರಾಜನಗರದ ಕಡೆ ಹೋಗುವಾಗ ಸಿಗುವ ಊರು ಬದನವಾಳು. ಮೈಸೂರು ಸಂಸ್ಥಾನದ ಕಾಲದಲ್ಲಿ, 1927ರಲ್ಲಿ, ಇಲ್ಲಿ ಖಾದಿ ಕೇಂದ್ರ ಶುರುವಾಯಿತು. ಅದೇ ತಾಲೂಕಿನ ತಗಡೂರಿನ ರಾಮಚಂದ್ರರಾಯರು ಈ ಸೀಮೆಯಲ್ಲಿ ಖಾದಿ ಕೆಲಸಕ್ಕೆ, ಅಸ್ಪೃಶ್ಯತೆಯ ವಿರುದ್ಧದ ಕೆಲಸಕ್ಕೆ ಬದುಕನ್ನೇ ಕೊಟ್ಟವರು. ಗಾಂಧೀಜಿ ಕೂಡ ಬದನವಾಳಿಗೆ ಬಂದು ಹೋಗಿದ್ದಾರೆ. ಮಳೆ ಕೈಕೊಟ್ಟರೆ ಹೊಲದಲ್ಲಿ ಕೆಲಸ ಇರೋದಿಲ್ಲ. ಅಂಥ ತಿಂಗಳುಗಳಲ್ಲಿ ಹೆಂಗಸರ ಕೈಗೆ ನಾಲ್ಕು ಕಾಸು ಸಿಗಲಿ ಎಂಬುದು ಖಾದಿಯ ಹಿಂದಿದ್ದ ಸರಳ ಲೆಕ್ಕ.

ಹತ್ತಿಯನ್ನು ಹಿಂಜಿ ಹಂಜಿ ಮಾಡುತ್ತಾರೆ. ಹಂಜಿಯಿಂದ ಚರಕದಲ್ಲಿ ನೂಲು ತೆಗೆಯುತ್ತಾರೆ. ಆ ನೂಲನ್ನು ಲಡಿಯಾಗಿ ಸುತ್ತುತ್ತಾರೆ. ಖಾದಿಯ ಲೆಕ್ಕದಲ್ಲಿ ಒಂದು ಲಡಿ ಎಂದರೆ 1000 ಮೀಟರ್ ನೂಲು. ನೂಲುವವಳಿಗೆ ದಿನದ ಸಂಬಳ ಇಲ್ಲ, ಲಡಿಗೆ ಇಷ್ಟು ಅಂತ ಕೂಲಿ. ಆಮೇಲೆ ಹಾಸು, ಹೊಕ್ಕು, ಮಗ್ಗ. ಒಂದು ಅಂಗಿಯ ಬಟ್ಟೆ ಆಗುವಷ್ಟರಲ್ಲಿ ಎಷ್ಟೋ ಜನರ ಕೈ ಅದನ್ನು ಮುಟ್ಟಿರುತ್ತದೆ.

ಆದರೆ 2015ರ ಹೊತ್ತಿಗೆ ಆ ಕೇಂದ್ರದ ಹಳೆಯ ಕಟ್ಟಡಗಳು ಬೀಳುವ ಸ್ಥಿತಿಗೆ ಬಂದಿದ್ದವು. ಮೊದಲಿನ ಗದ್ದಲ ಇರಲಿಲ್ಲ, ಕೆಲವೇ ಹೆಂಗಸರು ಉಳಿದಿದ್ದರು. ಪ್ರಸನ್ನ ಅವರು ಸತ್ಯಾಗ್ರಹಕ್ಕೆ ಈ ಜಾಗವನ್ನೇ ಆರಿಸಿಕೊಂಡದ್ದರಲ್ಲಿ ಅರ್ಥ ಇತ್ತು.

ಈ ಊರಿಗೆ ಇನ್ನೊಂದು ಕಥೆಯೂ ಇದೆ, ಅದನ್ನು ಮುಚ್ಚಿಟ್ಟು ಬರೆಯಲು ಸಾಧ್ಯವಿಲ್ಲ. 1993ರ ಮಾರ್ಚ್‌ನಲ್ಲಿ ದೇವಸ್ಥಾನ ಪ್ರವೇಶದ ವಿಚಾರದಲ್ಲಿ ಹುಟ್ಟಿದ ವೈಷಮ್ಯ ಮೂವರು ದಲಿತರ ಕೊಲೆಯಲ್ಲಿ ಮುಗಿಯಿತು. ಆಮೇಲೆ ದಲಿತರ ಬೀದಿಗೂ ಲಿಂಗಾಯತರ ಬೀದಿಗೂ ನಡುವಿನ ದಾರಿಯಲ್ಲಿ ಓಡಾಟವೇ ನಿಂತುಹೋಯಿತು. 2022ರ ಅಕ್ಟೋಬರ್ 2ರಂದು ಭಾರತ್ ಜೋಡೊ ಯಾತ್ರೆಯಲ್ಲಿ ರಾಹುಲ್ ಗಾಂಧಿ ಬದನವಾಳಿಗೆ ಬಂದಾಗ ಆ ದಾರಿಗೆ ಹೊಸ ಹಾಸು ಹಾಕಿ ತೆರೆದರು. ಎರಡೂ ಕಡೆಯವರು ಒಟ್ಟಿಗೆ ಕೂತು ಊಟ ಮಾಡಿದರು. ಒಂದೇ ಊರಿನ ಎರಡು ಬೀದಿ ಕೂಡಿಸಲು 29 ವರ್ಷ ಬೇಕಾಯಿತು.

ಅಸಮಾನತೆ ಅಂದ ಕೂಡಲೇ ನಮಗೆ ದುಡ್ಡಿನ ಲೆಕ್ಕವೇ ನೆನಪಾಗುತ್ತದೆ. ಬದನವಾಳು ಹೇಳುವುದು ಬೇರೆ. ಕೂಲಿಯ ಅಸಮಾನತೆ, ಜಾತಿಯ ಅಸಮಾನತೆ, ಹೆಣ್ಣು ಗಂಡಿನ ಅಸಮಾನತೆ ಎಲ್ಲ ಒಂದೇ ಊರಿನ ನೀರು ಕುಡಿದು ಬೆಳೆಯುತ್ತವೆ. ಹಳ್ಳಿಗೆ ವಾಪಸ್ ಹೋಗೋಣ ಅನ್ನುವವರು ಆ ಹಳ್ಳಿಯೊಳಗಿನ ಮುಚ್ಚಿದ ದಾರಿಯನ್ನೂ ನೋಡಬೇಕು.

ಹತ್ತು ವರ್ಷದಲ್ಲಿ ಏನಾಯಿತು?

ದೊಡ್ಡವರ ಮಾತು ಎಷ್ಟು ನಡೆಯಿತು ನೋಡೋಣ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ರಲ್ಲಿ ಭೂಮಿಯ ಸರಾಸರಿ ಬಿಸಿ ಹಳೆಯ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತು. ಒಂದು ವರ್ಷ ದಾಟಿದ ಮಾತ್ರಕ್ಕೆ ಒಪ್ಪಂದ ಸತ್ತಿತು ಅಂತಲ್ಲ, ಆದರೆ ಗೆರೆ ಎಲ್ಲಿದೆ ಅಂತ ಗೊತ್ತಾಯಿತು. 17 ಗುರಿಗಳ ಕಥೆ ಇನ್ನೂ ಬೇಸರದ್ದು. 2024ರ ವಿಶ್ವಸಂಸ್ಥೆ ವರದಿಯಂತೆ ಅವುಗಳ ಒಳಗಿನ ಉಪಗುರಿಗಳಲ್ಲಿ ಸರಿಯಾದ ದಾರಿಯಲ್ಲಿ ಇರುವುದು ಶೇ. 17 ಮಾತ್ರ.

ದುಡ್ಡಿನ ಮಾತೂ ಹಾಗೇ. ಬಡ ದೇಶಗಳಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ನೆರವು 2020ರೊಳಗೆ ಎಂದು 2009ರಲ್ಲೇ ಮಾತು ಕೊಟ್ಟಿದ್ದರು. ಆ ಮಾತು ಸಮಯಕ್ಕೆ ನಡೆಯಲಿಲ್ಲ. 2024ರಲ್ಲಿ ಬಾಕುವಿನಲ್ಲಿ ಬಡ ದೇಶಗಳು ಕೇಳಿದ್ದು ವರ್ಷಕ್ಕೆ 1.3 ಟ್ರಿಲಿಯನ್. ಶ್ರೀಮಂತ ದೇಶಗಳು ಒಪ್ಪಿದ್ದು 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್.

ಇನ್ನು ಅಸಮಾನತೆ. 2022ರ ವಿಶ್ವ ಅಸಮಾನತೆ ವರದಿ ಹೇಳುವಂತೆ ಜಗತ್ತಿನ ಆಸ್ತಿಯಲ್ಲಿ ಶೇ. 76ರಷ್ಟು ಮೇಲಿನ ಶೇ. 10 ಜನರ ಕೈಯಲ್ಲಿದೆ. ಕೆಳಗಿನ ಅರ್ಧ ಜನರಿಗೆ ಉಳಿದದ್ದು ಶೇ. 2. ನಮ್ಮ ದೇಶದ ಆದಾಯದಲ್ಲಿ ಮೇಲಿನ ಶೇ. 10 ಮಂದಿಗೆ ಶೇ. 57, ಕೆಳಗಿನ ಅರ್ಧಕ್ಕೆ ಶೇ. 13. ಇಂಗಾಲದ ಹೊಗೆಯ ಲೆಕ್ಕವೂ ಹೆಚ್ಚು ಕಡಿಮೆ ಹೀಗೆಯೇ: ಜಗತ್ತಿನ ಅರ್ಧದಷ್ಟು ಹೊಗೆ ಮೇಲಿನ ಶೇ. 10 ಜನರದ್ದು, ಕೆಳಗಿನ ಅರ್ಧ ಜನರದ್ದು ಶೇ. 12 ಮಾತ್ರ. ಉಂಡವರೊಬ್ಬರು, ಬಿಲ್ಲು ಕೊಡುವವರು ಇನ್ನೊಬ್ಬರು.

ಆ ಬಿಲ್ಲು ಬದನವಾಳಿನ ಸೀಮೆಗೂ ಬಂದಿದೆ. ವಯನಾಡಿನಲ್ಲಿ ಹುಟ್ಟುವ ಕಬಿನಿ ನಂಜನಗೂಡಿನ ಪಕ್ಕದಲ್ಲೇ ಹರಿದು ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ವಯನಾಡಿನಲ್ಲಿ ವಿಪರೀತ ಮಳೆ ಸುರಿದು, ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು, ಮೈಸೂರು ರಸ್ತೆಯಲ್ಲಿ ಸಂಚಾರ ನಿಂತಿತು. ಅದಾಗಿ ನಾಲ್ಕು ವರ್ಷಕ್ಕೆ, 2023ರಲ್ಲಿ, ಮಳೆಯೇ ಇಲ್ಲ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರಕಾರ ಘೋಷಿಸಿತು. ಒಂದು ವರ್ಷ ಮುಳುಗುವುದು, ಇನ್ನೊಂದು ವರ್ಷ ಒಣಗುವುದು. ಕೂಲಿ ಮಾಡಿ ಬದುಕುವವರಿಗೆ ಎರಡೂ ಒಂದೇ, ಕೆಲಸ ಇಲ್ಲ ಅಷ್ಟೇ.

ನಮ್ಮ ಕಡೆ ನೋಡಿದರೂ ಬೇರೆಯಿಲ್ಲ. ಉಳ್ಳಾಲ, ಸೋಮೇಶ್ವರ, ಬಟ್ಟಪ್ಪಾಡಿ ಕಡೆ ಮಳೆಗಾಲ ಬಂತೆಂದರೆ ಕಡಲ್ಕೊರೆತದ ಭಯ. ಮನೆ ಇವತ್ತು ಇದೆ, ನಾಳೆ ಇದೆಯೋ ಇಲ್ಲವೋ. ಗಲ್ಫ್‌ನಲ್ಲಿರುವ ನಮ್ಮ ಮಕ್ಕಳ ಪಾಡು ನೋಡಿ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಕಾನೂನೇ ಇದೆ. ಬಿಸಿಲು ಅಷ್ಟಿದೆ. ಎಸಿ ಕೋಣೆಯಲ್ಲಿ ಕೂತವನಿಗೂ ಕಟ್ಟಡದ ಮೇಲೆ ನಿಂತವನಿಗೂ ಆ ಬಿಸಿಲು ಒಂದೇ ಅಲ್ಲ. ಹವಾಮಾನ ಬದಲಾವಣೆ ಎಲ್ಲರಿಗೂ ಬರುತ್ತದೆ, ಆದರೆ ಎಲ್ಲರ ಮನೆ ಬಾಗಿಲನ್ನೂ ಒಂದೇ ರೀತಿ ತಟ್ಟುವುದಿಲ್ಲ.

ಅಗ್ಗದ ಬಟ್ಟೆಯ ನಿಜವಾದ ಬೆಲೆ

ಇಷ್ಟು ದೊಡ್ಡ ವಿಷಯಕ್ಕೆ ಒಂದು ಚರಕ ಏನು ಮಾಡೀತು ಎಂಬ ಪ್ರಶ್ನೆ ಸಹಜ. ಚರಕದಿಂದ ಭೂಮಿ ತಣ್ಣಗಾಗುತ್ತದೆ ಅಂತ ನಾವೂ ಹೇಳುತ್ತಿಲ್ಲ. ಆದರೆ ಒಂದು ಅಂಗಿಯ ಲೆಕ್ಕ ಹಾಕಿ ನೋಡಿ. ಒಂದು ಹತ್ತಿ ಟೀ ಶರ್ಟಿಗೆ ಹತ್ತಿ ಬೆಳೆಯುವುದರಿಂದ ಹಿಡಿದು ಸುಮಾರು 2,700 ಲೀಟರ್ ನೀರು ಬೇಕು ಎನ್ನುತ್ತಾರೆ. ಪಾಲಿಸ್ಟರ್ ಆದರೆ ಅದು ಪೆಟ್ರೋಲಿಯಂನಿಂದ ಬರುವ ದಾರ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಹೊಲಿಗೆ ಹಾಕುತ್ತಿದ್ದ ಹೆಂಗಸರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು, ಆದರೂ ಕೆಲಸಕ್ಕೆ ಬರಲೇಬೇಕಾಯಿತು. ಅವರು ಹೊಲಿದದ್ದು ಶ್ರೀಮಂತ ದೇಶಗಳ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಬಟ್ಟೆಯನ್ನು. ಅಂಗಡಿಯಲ್ಲಿ 200 ರೂಪಾಯಿಗೆ ಸಿಗುವ ಅಂಗಿಯ ಉಳಿದ ಬೆಲೆಯನ್ನು ಎಲ್ಲೋ ಒಂದು ನದಿ, ಯಾರೋ ಒಬ್ಬಳು ಹೆಣ್ಣು ಕೊಟ್ಟಿರುತ್ತಾರೆ.

ಇನ್ನೊಂದು ಕಡೆ, ಕೈಯಲ್ಲಿ ಮಾಡಿದ್ದಕ್ಕೆ ಕಾನೂನಿನ ಬೆಂಬಲವೂ ಸಡಿಲವಾಗುತ್ತಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಸಂಘ ಅಧಿಕೃತ ಗುಣಮಟ್ಟದ ರಾಷ್ಟ್ರಧ್ವಜ ತಯಾರಿಸಿ ಹೆಸರಾದದ್ದು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಯಂತ್ರದಲ್ಲಿ ಮಾಡಿದ ಪಾಲಿಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟರು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈ ಉತ್ಪನ್ನಗಳಿಗೆ ತೆರಿಗೆ ಬೇಡ ಎಂದು ಪ್ರಸನ್ನ ಮತ್ತು ಗ್ರಾಮ ಸೇವಾ ಸಂಘದವರು ಮತ್ತೆ ಸತ್ಯಾಗ್ರಹಕ್ಕೆ ಇಳಿಯಬೇಕಾಯಿತು.

ಹಾಗಂತ ಕೈಮಗ್ಗವೇ ಎಲ್ಲಕ್ಕೂ ಮದ್ದು ಎಂದರೆ ಅದೂ ಸುಳ್ಳಾಗುತ್ತದೆ. ಖಾದಿ ಅಂಗಿಯ ಬೆಲೆ ಬಡವನ ಕೈಗೆ ಎಟುಕುವುದಿಲ್ಲ. ನೂಲುವವಳೇ ತಾನು ನೂತ ಬಟ್ಟೆ ಉಡಲಾರಳು. ಲಡಿಯ ಕೂಲಿಯಲ್ಲಿ ಸಂಸಾರ ನಡೆಸುವುದು ಕಷ್ಟ, ಆದ್ದರಿಂದ ಅವಳ ಮಗಳು ಚರಕದ ಮುಂದೆ ಕೂರುವುದಿಲ್ಲ. ಪ್ರಸನ್ನ ಅವರೇ ಹೆಗ್ಗೋಡಿನ ಬಳಿ ಹೆಂಗಸರನ್ನು ಸೇರಿಸಿ ಕಟ್ಟಿದ ‘ಚರಕ’ ಸಂಸ್ಥೆಗೂ ಕೊರೊನಾ ವರ್ಷ 2020ರಲ್ಲಿ ಕೆಲಸ ನಿಲ್ಲಿಸುವ ಸ್ಥಿತಿ ಬಂತು. ಆದರ್ಶ ದೊಡ್ಡದು, ಆದರೆ ತಿಂಗಳ ಕೊನೆಗೆ ಕೂಲಿ ಕೊಡಬೇಕಲ್ಲ?

ಇದು ನಮ್ಮವರಿಗೆ ಚೆನ್ನಾಗಿ ಅರ್ಥವಾಗುವ ಮಾತು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಊರುಗಳಲ್ಲಿ ಎಷ್ಟಿಲ್ಲ! ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಸಂಜೆ ಬ್ರಾಂಚಿಗೆ ಕೊಟ್ಟು ಬರುವುದು. ಅಲ್ಲಿ ಲಡಿಗೆ ಇಷ್ಟು, ಇಲ್ಲಿ ಸಾವಿರ ಬೀಡಿಗೆ ಇಷ್ಟು. ಬೆನ್ನು ನೋವು, ಕೆಮ್ಮು ಕೂಲಿಯ ಲೆಕ್ಕಕ್ಕೆ ಬರುವುದಿಲ್ಲ. ಈಗ ಬೀಡಿ ಕೆಲಸವೂ ಕಡಿಮೆಯಾಗುತ್ತಿದೆ. ಆರೋಗ್ಯದ ದೃಷ್ಟಿಯಿಂದ ಅದು ಒಳ್ಳೆಯದೇ ಇರಬಹುದು. ಆದರೆ ಆ ಕೈಗಳಿಗೆ ಬೇರೆ ಕೆಲಸ ಏನು ಅಂತ ಯಾರೂ ಸರಿಯಾಗಿ ಹೇಳಿಲ್ಲ. ಬದನವಾಳಿನ ನೂಲುವ ಹೆಣ್ಣು, ನಮ್ಮ ಬೀಡಿ ಕಟ್ಟುವ ಉಮ್ಮ, ಇಬ್ಬರೂ ಕೇಳುವುದು ಒಂದನ್ನೇ: ಕೈಗೆ ಕೆಲಸ, ಕೆಲಸಕ್ಕೆ ತಕ್ಕ ಕೂಲಿ. 17 ಗುರಿಗಳ ಪಟ್ಟಿಯಲ್ಲಿ ಎಂಟನೆಯದು ಕೂಡ ಮರ್ಯಾದೆಯ ದುಡಿಮೆ ಎಂದೇ ಹೇಳುತ್ತದೆ.

ನಾವು ಮಾಡಬಹುದಾದದ್ದು

ದೇಶದೇಶಗಳ ನಡುವಿನ ಲೆಕ್ಕ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ನಮ್ಮ ಸಮುದಾಯ ವ್ಯಾಪಾರದ ಸಮುದಾಯ. ಬಟ್ಟೆ ಅಂಗಡಿ ನಮ್ಮವರದ್ದು ಕಡಿಮೆ ಇಲ್ಲ. ಒಂದು ಕಪಾಟಿನಲ್ಲಿ ಕೈಮಗ್ಗದ ಬಟ್ಟೆ ಇಟ್ಟು, ಅದು ಯಾವ ಊರಿನದು, ಯಾರು ನೇಯ್ದದ್ದು ಎಂದು ಬರೆದರೆ ನಷ್ಟವೇನೂ ಆಗಲಿಕ್ಕಿಲ್ಲ. ಹಬ್ಬಕ್ಕೆ, ಮದುವೆಗೆ ಮನೆಮಂದಿಗೆಲ್ಲ ನಾಲ್ಕು ನಾಲ್ಕು ಜೊತೆ ತೆಗೆಯುವ ಬದಲು, ಎರಡು ತೆಗೆದು ಅದರಲ್ಲಿ ಒಂದು ಕೈಯಲ್ಲಿ ನೇಯ್ದದ್ದು ಆಗಿರಲಿ. ಒಂದೇ ಸಲ ಹಾಕಿ ಮೂಲೆಗೆ ಎಸೆಯುವ ಬಟ್ಟೆಗೆ ಕೊಡುವ ದುಡ್ಡು ಕೊನೆಗೆ ಕಸದ ರಾಶಿಗೇ ಹೋಗುತ್ತದೆ.

ಜಮಾಅತ್ ಕಮಿಟಿಗಳು, ಮಹಿಳಾ ಸಂಘಗಳು ಬೀಡಿ ಕೆಲಸ ಕಡಿಮೆಯಾದ ಮನೆಗಳ ಪಟ್ಟಿ ಮಾಡಬಹುದು. ಹೊಲಿಗೆ, ಕಸೂತಿ, ತಿಂಡಿ, ಯಾರಿಗೆ ಏನು ಬರುತ್ತದೋ ಅದಕ್ಕೆ ಮಾರುಕಟ್ಟೆ ಹುಡುಕಿ ಕೊಡಬಹುದು. ತರಬೇತಿ ಕೊಟ್ಟು ಫೋಟೋ ತೆಗೆಸಿಕೊಂಡು ಮನೆಗೆ ಕಳಿಸುವ ಕಾರ್ಯಕ್ರಮ ಸಾಕಷ್ಟು ನೋಡಿದ್ದೇವೆ. ಮಾಡಿದ್ದನ್ನು ಕೊಳ್ಳುವವರು ಬೇಕು, ಕೊಟ್ಟ ಬೆಲೆ ನ್ಯಾಯದ್ದಾಗಿರಬೇಕು. ಹೊಲಿಗೆ ಕೂಲಿಯಲ್ಲಿ ಹತ್ತು ರೂಪಾಯಿ ಚೌಕಾಸಿ ಮಾಡುವವರು ದೊಡ್ಡ ಮಾಲ್‌ನಲ್ಲಿ ಅಚ್ಚು ಹಾಕಿದ ಬೆಲೆಯನ್ನು ಬಾಯಿ ಮುಚ್ಚಿ ಕೊಟ್ಟು ಬರುತ್ತೇವಲ್ಲ, ಅದನ್ನೂ ಸ್ವಲ್ಪ ಯೋಚಿಸಬೇಕು.

ಸರಕಾರವನ್ನು ಕೇಳುವುದನ್ನೂ ಬಿಡಬಾರದು. ಖಾದಿ ಕೇಂದ್ರಗಳ ಕಟ್ಟಡ ದುರಸ್ತಿ, ನೂಲುವ ಕೈಗೆ ಬದುಕಲು ಸಾಕಾಗುವ ಕೂಲಿ, ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡವರಿಗೆ ಬೇರೆ ಜಾಗ, ಇವೆಲ್ಲ ಭಿಕ್ಷೆ ಅಲ್ಲ. ಹೊಗೆ ಬಿಟ್ಟವರು ಕೊಡಬೇಕಾದ ಬಾಕಿಯ ಒಂದು ಸಣ್ಣ ಪಾಲು.

2030ಕ್ಕೆ ಹೆಚ್ಚು ವರ್ಷ ಉಳಿದಿಲ್ಲ. ಆ ಹೊತ್ತಿಗೆ ದೊಡ್ಡ ನಗರದಲ್ಲಿ ಮತ್ತೊಂದು ಸಭೆ ನಡೆಯುತ್ತದೆ, ಹೊಸ ಗುರಿ, ಹೊಸ ಇಸವಿ ಹೇಳುತ್ತಾರೆ. ಆಗ ಅವರು ಕೊಡುವ ಲೆಕ್ಕವನ್ನು ನಾವು ನಮ್ಮ ಅಳತೆಗೋಲಿನಲ್ಲಿ ಅಳೆಯೋಣ. ಬದನವಾಳಿನಲ್ಲಿ ಒಂದು ಲಡಿಗೆ ಎಷ್ಟು ಕೂಲಿ ಸಿಗುತ್ತಿದೆ, ಅಲ್ಲಿನ ಎರಡು ಬೀದಿಗಳ ನಡುವೆ ಮಕ್ಕಳು ಹೆದರದೆ ಓಡಾಡುತ್ತಿದ್ದಾರಾ, ಬಟ್ಟಪ್ಪಾಡಿಯಲ್ಲಿ ಮಳೆಗಾಲದ ರಾತ್ರಿ ಜನ ನಿದ್ದೆ ಮಾಡುತ್ತಿದ್ದಾರಾ? ಇದಕ್ಕೆ ಉತ್ತರ ಸಿಕ್ಕರೆ ಸಾಕು, ಜಗತ್ತು ಎಷ್ಟು ಮುಂದೆ ಹೋಗಿದೆ ಅಂತ ನಮಗೇ ಗೊತ್ತಾಗುತ್ತದೆ.