ಮಾತು ಬಿಟ್ಟ ಮಗುವಿಗೆ ನಾಯಿಯ ನೆರವು

ನಮ್ಮ ರೈತರ ಮನೆಗಳಲ್ಲಿ ನಾಯಿ ಎಂದರೆ ತೋಟ, ಕೊಟ್ಟಿಗೆ ಕಾಯುವ ಪ್ರಾಣಿ. ಮಕ್ಕಳ ಮನೋಚಿಕಿತ್ಸೆಯಲ್ಲೂ ಅದು ನೆರವಾಗುತ್ತದೆ ಎಂಬುದನ್ನು ನಾವು ತಿಳಿದಿರುವುದು ಒಳ್ಳೆಯದು.

ಅಮೆರಿಕದ ನ್ಯೂಯಾರ್ಕಿನಲ್ಲಿ ಬೋರಿಸ್ ಲೆವಿನ್ಸನ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಯಾರೊಡನೆಯೂ ಬೆರೆಯದ ಬಾಲಕನೊಬ್ಬ ಒಮ್ಮೆ ಗೊತ್ತಾದ ಸಮಯಕ್ಕೆ ಮೊದಲೇ ಅವರಲ್ಲಿಗೆ ಬಂದ. ಅಲ್ಲಿದ್ದ ಅವರ ನಾಯಿ ಜಿಂಗಲ್ಸ್ ಓಡಿಬಂದು ಅವನನ್ನು ನೆಕ್ಕಿತು. ಬಾಲಕ ಹೆದರದೆ ಅದನ್ನು ಅಪ್ಪಿಕೊಂಡ. ಮುಂದಿನ ಭೇಟಿಗಳಲ್ಲಿ ನಾಯಿಯೊಡನೆ ಆಡುತ್ತಾ ಲೆವಿನ್ಸನ್ನರನ್ನೂ ನಂಬತೊಡಗಿದ. ಅವರು ಈ ಅನುಭವವನ್ನು 1962ರಲ್ಲಿ ಲೇಖನವಾಗಿ ಪ್ರಕಟಿಸಿದರು; 1969ರಲ್ಲಿ ಇದೇ ವಿಷಯವಾಗಿ ಗ್ರಂಥವನ್ನೂ ಬರೆದರು.

ಕಾರಣ ಸರಳ. ನಾಯಿ ಪ್ರಶ್ನೆ ಕೇಳುವುದಿಲ್ಲ, ಗದರುವುದಿಲ್ಲ, ಪರೀಕ್ಷೆಯ ಅಂಕ ನೋಡುವುದಿಲ್ಲ. ಅದರ ಮೈ ಸವರುತ್ತಿದ್ದಂತೆ ಮಗುವಿನ ಅಂಜಿಕೆ ಇಳಿಯುತ್ತದೆ, ಮಾತು ಹೊರಡುತ್ತದೆ. ಆದರೆ ನಾಯಿಯೊಂದರಿಂದಲೇ ಗುಣವಾಗದು. ಚಿಕಿತ್ಸೆ ತಜ್ಞರೇ ನೀಡಬೇಕು.

ಈ ಕೆಲಸಕ್ಕೆ ಎಲ್ಲ ನಾಯಿಗಳೂ ಆಗವು. ಶಾಂತ ಸ್ವಭಾವದ, ತರಬೇತಿಯಾದ, ಲಸಿಕೆ ಹಾಕಿಸಿದ ನಾಯಿಯೇ ಬೇಕು. ನಾಯಿಗೆ ಹೆದರುವ ಮಗುವನ್ನು ಒತ್ತಾಯಿಸಬಾರದು. ಮನೆಯ ನಾಯಿಗೂ ಹುಚ್ಚುನಾಯಿ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸೋಣ. ನಾಯಿ ಕಚ್ಚಿದರೆ ಗಾಯವನ್ನು 15 ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಗು ವಾರಗಟ್ಟಲೆ ಮಂಕಾಗಿ, ಊಟ ನಿದ್ರೆ ಬಿಟ್ಟು, ಶಾಲೆಗೆ ಹೋಗಲೊಲ್ಲದಿದ್ದರೆ ಹಟವೆಂದು ಹೊಡೆಯದಿರೋಣ. ಬೇಗ ವೈದ್ಯರಿಗೆ ತೋರಿಸೋಣ. ಮನೆಯ ನಾಯಿಯೊಡನೆ ಮಾತ್ರ ಅದು ಮಾತಾಡುತ್ತಿದ್ದರೆ ಆ ಸಂಗತಿಯನ್ನೂ ಅವರಿಗೆ ತಿಳಿಸೋಣ.