‘ತೃಪ್ತಿಕರ’ ಗಾಳಿ ಯಾರಿಗೆ ತೃಪ್ತಿಕರ?

‘ನಮ್ಮದೇನು ದೆಹಲಿಯೇ?’ ಬೆಂಗಳೂರಿನ ಗಾಳಿಯ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಮೊಬೈಲ್‌ನಲ್ಲಿ ಎಕ್ಯೂಐ (ವಾಯು ಗುಣಮಟ್ಟ ಸೂಚ್ಯಂಕ) 95, ಪಕ್ಕದಲ್ಲಿ ‘ತೃಪ್ತಿಕರ’ ಎಂಬ ತಿಳಿಹಸಿರು ಪಟ್ಟಿ ಕಂಡರಂತೂ ನಿಶ್ಚಿಂತೆ. ಆದರೆ ಆ ಪಟ್ಟಿಯ ಹಿಂದಿನ ಲೆಕ್ಕ ಗೊತ್ತಿರುವವರು ಕಡಿಮೆ.

ಎಂಟು ಮಾಲಿನ್ಯಕಾರಕಗಳಲ್ಲಿ ಯಾವುದರ ಸೂಚ್ಯಂಕ ಅತಿ ಹೆಚ್ಚೋ ಅದೇ ಎಕ್ಯೂಐ. ಇವುಗಳಲ್ಲಿ ಹೆಚ್ಚು ಅಪಾಯಕಾರಿ ಪಿಎಂ 2.5. ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲೊಂದು ಭಾಗದಷ್ಟಿರುವ ಈ ಕಣ ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲದು. ಉಬ್ಬಸಕ್ಕಷ್ಟೇ ಅಲ್ಲ, ಹೃದಯಾಘಾತ, ಪಾರ್ಶ್ವವಾಯುವಿಗೂ ಅದು ಕಾರಣವಾದೀತು. ನಮ್ಮ ಮಾನದಂಡದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂವರೆಗೆ ಪಿಎಂ 2.5 ಇದ್ದರೂ ‘ತೃಪ್ತಿಕರ’. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಅಂದರೆ ನಮ್ಮ ತೃಪ್ತಿ ಅದರ ನಾಲ್ಕು ಪಟ್ಟು!

ಮೊಬೈಲ್ ತೋರಿಸುವ ಸಂಖ್ಯೆಯೂ ಮಾಪನ ಕೇಂದ್ರದ ಸುತ್ತಲಿನ ಗಾಳಿಯ ಸರಾಸರಿ. ನಿಮ್ಮ ಬೀದಿ ತುದಿಯಲ್ಲಿ ಒಣಎಲೆ, ಪ್ಲಾಸ್ಟಿಕ್ ಸುಡುತ್ತಿದ್ದರೆ, ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಉರಿಯುತ್ತಿದ್ದರೆ, ಅಡುಗೆಮನೆಯಲ್ಲಿ ಸೌದೆ ಒಲೆ ಹೊಗೆಯಾಡುತ್ತಿದ್ದರೆ ಆ ಸಂಖ್ಯೆ ನಿಮ್ಮದಲ್ಲ. ಚಳಿಗಾಲದ ಮುಂಜಾವಿನಲ್ಲಿ ತಣ್ಣನೆಯ ಗಾಳಿ ಹೊಗೆಯನ್ನು ನೆಲದ ಮಟ್ಟದಲ್ಲೇ ಹಿಡಿದಿಡುತ್ತದೆ. ಆಗ ಮುಖ್ಯರಸ್ತೆಯ ಬದಿ ವಾಕಿಂಗ್ ಹೋಗುವುದಕ್ಕಿಂತ ಬಿಸಿಲೇರಿದ ಮೇಲೆ ಪಾರ್ಕಿನಲ್ಲಿ ನಡೆಯುವುದು ಮೇಲು.

ಮುಖಕ್ಕೆ ಸುತ್ತಿದ ಕರ್ಚೀಫು ದೂಳು ತಡೆದೀತು, ಪಿಎಂ 2.5 ತಡೆಯದು. ಅದಕ್ಕೆ ಎನ್‌95 ಮಾಸ್ಕ್ ಬೇಕು. ಮೂಗಿನ ಮೇಲಿನ ಪಟ್ಟಿ ಒತ್ತಿ, ಅಂಚಿನಲ್ಲಿ ಸಂದಿಯಿಲ್ಲದಂತೆ ಹಾಕಿಕೊಳ್ಳಬೇಕು. ಗಡ್ಡವಿದ್ದರೆ ಆ ಬಿಗಿ ಸಿಗುವುದಿಲ್ಲ. ಮನೆಯಲ್ಲಿ ಪೊರಕೆ ಆಡಿಸಿ ದೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಸೊಳ್ಳೆಬತ್ತಿ ಬಿಟ್ಟು ಪರದೆ ಕಟ್ಟಿ.

ಉಬ್ಬಸದವರಿಗೆ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದು ‘ಪಂಪ್ ಹಿಡಿದರೆ ಅಭ್ಯಾಸವಾಗಿಬಿಡುತ್ತೆ’ ಎಂಬ ಮಾತು. ಇನ್‌ಹೇಲರ್ ಚಟ ಹಿಡಿಸುವುದಿಲ್ಲ. ಮಾತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ನುಂಗುವ ಉಬ್ಬಸದ ಔಷಧ ಸಾಲ್ಬುಟಮಾಲ್, ಪಂಪಿನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರವಾಗಿ ಶ್ವಾಸನಾಳ ತಲುಪುತ್ತದೆ. ದಿನವೂ ಬಳಸುವ ತಡೆ ಔಷಧದ ಪಂಪ್ ಬೇರೆ, ಉಬ್ಬಸ ಎದ್ದಾಗ ಬಳಸುವುದು ಬೇರೆ. ಯಾವುದು ಯಾವಾಗ ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ.

ಊರಿನ ಗಾಳಿ ಸರಿಪಡಿಸುವುದು ಸರ್ಕಾರದ ಹೊಣೆ, ಅದನ್ನು ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ, ಮನೆಯಲ್ಲಿ ಮಗುವೋ ವೃದ್ಧರೋ ಗರ್ಭಿಣಿಯೋ ಉಬ್ಬಸದವರೋ ಇದ್ದರೆ ‘ತೃಪ್ತಿಕರ’ ಎಂಬ ಪಟ್ಟಿ ನೋಡಿ ಸುಮ್ಮನಾಗಬೇಡಿ.